ಕಡಿಮೆ ಕಂತಿನ ಪಾಲಿಸಿಯೂ ವಿಮಾ ಏಜಂಟರ ಧರ್ಮವೂ

ಕೃಷಿ ಪುಟದಲ್ಲಿ ವಿಮೆಯ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ಅಡಿಕೆಗೆ ಮದ್ದು ಬಿಡುವ ಹೊತ್ತು, ಬುಡಕ್ಕೆ ಹಾಕುವ ಗೊಬ್ಬರದ ಪ್ರಮಾಣ, ಕೊಳೆರೋಗದ ಹತೋಟಿ, ಇವುಗಳ ವಿಷಯ ಇಲ್ಲಿ ಬರುತ್ತಲೇ ಇರುತ್ತದೆ. ಆದರೆ ತೋಟದ ಉತ್ಪತ್ತಿಯಿಂದ ವರ್ಷ ವರ್ಷವೂ ತಪ್ಪದೆ ಹೊರಗೆ ಹೋಗುವ ಹಣದಲ್ಲಿ ವಿಮೆಯ ಕಂತೂ ಒಂದು. ಗೊಬ್ಬರದ ಚೀಲಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಾದರೆ ನಾಲ್ಕು ಅಂಗಡಿ ವಿಚಾರಿಸುವ ನಾವು, ಇಪ್ಪತ್ತು ವರ್ಷ ಕಟ್ಟಬೇಕಾದ ಕಂತಿನ ವಿಷಯದಲ್ಲಿ ಒಂದು ಸಲವೂ ವಿಚಾರಿಸುವುದಿಲ್ಲ. ಇದನ್ನು ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ನೆರೆಕರೆಯ ಕೃಷಿಕರೊಬ್ಬರು 2009ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಎರಡು ಲಕ್ಷ ರೂಪಾಯಿಯ ಜೀವ ವಿಮೆ ಮಾಡಿಸಿದರು. ಅವಧಿ ಇಪ್ಪತ್ತು ವರ್ಷ. ಕಂತು ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಏಜಂಟರನ್ನು ಅವರ ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದವನು ನಾನೇ. ಏಜಂಟರು ಸಜ್ಜನರು. ಪ್ರತಿವರ್ಷ ಅಡಿಕೆ ಮಾರಿ ಕೈಯಲ್ಲಿ ಹಣವಾಡುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು ಕಂತಿನ ಹಣ ತೆಗೆದುಕೊಂಡು ಹೋಗುತ್ತಿದ್ದರು, ಒಂದು ವಾರದೊಳಗೆ ರಶೀದಿ ತಂದುಕೊಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದು ಕಂತೂ ತಪ್ಪಲಿಲ್ಲ.

ಈ ಹನ್ನೆರಡು ವರ್ಷಗಳಲ್ಲಿ ಆ ಮನೆಯಲ್ಲಿ ಎರಡು ಮಕ್ಕಳಾದವು. ಹಂಚಿನ ಮನೆ ತಾರಸಿಯ ಮನೆಯಾಯಿತು. ತೋಟಕ್ಕೆ ಹೊಸ ಪಂಪು, ಪೈಪು ಬಂತು. ಸಹಕಾರಿ ಬ್ಯಾಂಕಿನಲ್ಲಿ ಐದು ಲಕ್ಷದ ಸಾಲವೂ ಆಯಿತು. ವಿಮೆ ಮಾತ್ರ ಎರಡು ಲಕ್ಷದಲ್ಲೇ ನಿಂತಿತ್ತು. 2021ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಎದೆನೋವೆಂದು ಕುಳಿತವರು ಏಳಲಿಲ್ಲ. ಏಜಂಟರು ಓಡಾಡಿ ಎಲ್ಲ ಕಾಗದ ಮಾಡಿಸಿದರು. ಬಸ್ಸಿನ ಖರ್ಚನ್ನು ಕೂಡ ಮುಟ್ಟಲಿಲ್ಲ. ಎರಡು ಲಕ್ಷವೂ ಬೋನಸ್ಸೂ ಬಂದವು, ಬಂದದ್ದು ಸಾಲಕ್ಕೆ ಹೋಯಿತು, ಉಳಿದ ಸಾಲ ಉಳಿದೇ ಇತ್ತು. ಈಗ ಆ ತಾಯಿ ತೋಟದ ಅರ್ಧ ಭಾಗದ ಫಸಲನ್ನು ಗುತ್ತಿಗೆಗೆ ಕೊಟ್ಟು ಮಕ್ಕಳನ್ನು ಓದಿಸುತ್ತಿದ್ದಾರೆ.

ಉತ್ತರಕ್ರಿಯೆಯ ದಿನ ಊಟವಾದ ಮೇಲೆ ನಾನು ಏಜಂಟರನ್ನು ಕೇಳಿದೆ: “ಅಣ್ಣಾ, ಇಷ್ಟೇ ಹಣದಲ್ಲಿ ಇದಕ್ಕಿಂತ ದೊಡ್ಡ ವಿಮೆ ಸಿಗುತ್ತಿರಲಿಲ್ಲವೆ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಸಿಗುತ್ತಿತ್ತು ಮಾಷ್ಟ್ರೇ. ಕೇಳಿದ್ದರೆ ಹೇಳುತ್ತಿದ್ದೆ.”

ಈ ಉತ್ತರ ಅಂದಿನಿಂದ ನನ್ನ ಮನಸ್ಸಿನಿಂದ ಹೋಗಿಲ್ಲ. ಅಧ್ಯಾಪಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದು ಇದು: ಪ್ರಶ್ನೆ ಕೇಳದ ಮಗುವಿಗೆ ಎಲ್ಲ ತಿಳಿದಿದೆ ಎಂದು ಭಾವಿಸಬಾರದು, ಏನನ್ನು ಕೇಳಬೇಕೆಂಬುದೇ ಅದಕ್ಕೆ ತಿಳಿದಿರುವುದಿಲ್ಲ. ಕೇಳಲಿ ಎಂದು ಕಾದು ಕುಳಿತ ಅಧ್ಯಾಪಕ ಪಾಠ ಮಾಡಿದಂತಾಗುವುದಿಲ್ಲ. ಹಾಗಾದರೆ ಏಜಂಟರ ವಿಷಯದಲ್ಲಿ ಈ ನೀತಿ ಹೇಗೆ? ಹಳೆಯ ಪಾಲಿಸಿದಾರನಿಗೆ, ಅವನು ಕೇಳದಿದ್ದರೂ, ಕಡಿಮೆ ಕಂತಿನ ಪಾಲಿಸಿ ಇದೆಯೆಂದು ಹೇಳುವುದು ಅವರ ಕರ್ತವ್ಯವೆ? ಇದನ್ನು ಇಲ್ಲಿ ವಿಚಾರ ಮಾಡೋಣ.

ಕಂತಿನೊಳಗೆ ಏನಿದೆ?

ಜೀವ ವಿಮೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬರಿಯ ರಕ್ಷಣೆಯ ವಿಮೆ. ಇದನ್ನು ಟರ್ಮ್ ಪಾಲಿಸಿ ಎನ್ನುತ್ತಾರೆ. ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ. ಬದುಕಿ ಉಳಿದರೆ ಏನೂ ಇಲ್ಲ. ಇನ್ನೊಂದು, ರಕ್ಷಣೆ ಮತ್ತು ಉಳಿತಾಯ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ್ದು. ಎಂಡೋಮೆಂಟ್, ಮನಿಬ್ಯಾಕ್ ಎಂಬ ಹೆಸರಿನವು ಈ ಜಾತಿಗೆ ಸೇರಿದವು. ಅವಧಿ ಮುಗಿದಾಗ ಬೋನಸ್ಸಿನೊಂದಿಗೆ ಹಣ ಮರಳಿ ಬರುತ್ತದೆ.

ತೋಟಕ್ಕೆ ರಾತ್ರಿ ಕಾವಲಿಗೆ ಜನ ಇಟ್ಟರೆ, ವರ್ಷದ ಕೊನೆಗೆ ಕಳವಾಗಲಿಲ್ಲವೆಂದು ಅವನ ಸಂಬಳ ಹಿಂದಕ್ಕೆ ಕೇಳುತ್ತೇವೆಯೆ? ಟರ್ಮ್ ಪಾಲಿಸಿಯ ಕಂತು ಈ ಕಾವಲಿನ ಸಂಬಳದಂತೆ. ಎಂಡೋಮೆಂಟಿನಲ್ಲಿ ಸಂಬಳದ ಜೊತೆಗೆ ಒಂದು ಹುಂಡಿಯೂ ಇದೆ. ಕಟ್ಟುವ ಹಣದ ಬಹುಭಾಗ ಹುಂಡಿಗೇ ಹೋಗುತ್ತದೆ. ಆದುದರಿಂದಲೇ ಕಂತು ದೊಡ್ಡದು, ರಕ್ಷಣೆ ಸಣ್ಣದು.

ಅಂತರ ಎಷ್ಟೆಂದು ನೋಡಿರಿ. 2015ರ ಮೇ 9ರಂದು ಪ್ರಾರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಯೋಜನೆಯಲ್ಲಿ ಎರಡು ಲಕ್ಷದ ಜೀವ ವಿಮೆಗೆ ಮೊದಲು ವರ್ಷಕ್ಕೆ 330 ರೂ. ಇತ್ತು; 2022ರ ಜೂನ್ 1ರಿಂದ 436 ರೂ. ಆಗಿದೆ. ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯಿರುವ, 18ರಿಂದ 50 ವರ್ಷ ಪ್ರಾಯದ ಯಾರೂ ಸೇರಬಹುದು. ರಕ್ಷಣೆ 55 ವರ್ಷದವರೆಗೆ ಮುಂದುವರಿಯುತ್ತದೆ. ನಮ್ಮ ನೆರೆಕರೆಯವರು ಆರು ವರ್ಷ ಈ ಯೋಜನೆಗೆ ಅರ್ಹರಾಗಿದ್ದರು. ವರ್ಷಕ್ಕೆ 330 ರೂಪಾಯಿಯಲ್ಲಿ ಮನೆಗೆ ಬರುವ ಹಣ ಇನ್ನೂ ಎರಡು ಲಕ್ಷ ಹೆಚ್ಚುತ್ತಿತ್ತು. ಆ ಮಾತನ್ನು ಅವರಿಗೆ ಯಾರೂ ಹೇಳಲಿಲ್ಲ. ಏಜಂಟರು ಹೇಳಲಿಲ್ಲ, ಬ್ಯಾಂಕಿನವರು ಹೇಳಲಿಲ್ಲ, ಓದುಬರಹ ಬಲ್ಲ ನಾನೂ ಹೇಳಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಎಂಡೋಮೆಂಟ್ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಕೈಯಲ್ಲಿದ್ದ ಹಣ ನಿಲ್ಲದವರಿಗೆ ಅದು ಬಲವಂತದ ಉಳಿತಾಯ. ಕೆಲವು ವರ್ಷ ಕಟ್ಟಿದ ಮೇಲೆ ಅದರ ಆಧಾರದಲ್ಲಿ ಸಾಲವೂ ಸಿಗುತ್ತದೆ. 436 ರೂಪಾಯಿಯನ್ನೂ ಹತ್ತು ಸಾವಿರವನ್ನೂ ಪಕ್ಕದಲ್ಲಿಟ್ಟು ಒಂದು ಅಗ್ಗ, ಒಂದು ದುಬಾರಿ ಎನ್ನುವುದು ಅಡಿಕೆಯ ದರವನ್ನೂ ತೆಂಗಿನಕಾಯಿಯ ದರವನ್ನೂ ಹೋಲಿಸಿದಂತೆ. ಎರಡೂ ಬೇರೆ ಬೇರೆ ವಸ್ತುಗಳೆಂಬುದನ್ನು ತಿಳಿದು ಕೊಂಡರೆ ತಪ್ಪಿಲ್ಲ. ಒಂದನ್ನೇ ತೋರಿಸಿ ಇನ್ನೊಂದಿದೆಯೆಂದು ಹೇಳದಿರುವುದರಲ್ಲಿ ತಪ್ಪಿದೆ.

ನಂತರ ಬಂದ ಪಾಲಿಸಿ ಅಗ್ಗವಾಗುವುದೇಕೆ?

1956ರ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು; 245 ಖಾಸಗಿ ವಿಮಾ ಸಂಸ್ಥೆಗಳ ವ್ಯವಹಾರ ಅದರಲ್ಲಿ ಸೇರಿತು. ಅನಂತರ ನಾಲ್ಕು ದಶಕಕ್ಕೂ ಮೇಲ್ಪಟ್ಟು, ಅಂಚೆಯ ವಿಮೆಯೇ ಮೊದಲಾದ ಕೆಲವನ್ನು ಬಿಟ್ಟರೆ, ಜೀವ ವಿಮೆಗೆ ಇದೊಂದೇ ಅಂಗಡಿ. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಅಂಗಡಿ ಹೆಚ್ಚಾದಾಗ ದರದಲ್ಲಿ ಪೈಪೋಟಿ ಬಂತು.

ಎರಡನೆಯ ಕಾರಣ, ಜನರ ಆಯುಸ್ಸು ಹೆಚ್ಚಿದ್ದು. ವಿಮೆ ಮಾಡಿಸಿದವರಲ್ಲಿ ಯಾವ ಪ್ರಾಯದಲ್ಲಿ ಎಷ್ಟು ಮಂದಿ ಸಾಯುತ್ತಾರೆಂಬ ಕೋಷ್ಟಕದ ಮೇಲೆ ಕಂತಿನ ಲೆಕ್ಕ ನಿಂತಿದೆ. ಈ ಕೋಷ್ಟಕವನ್ನು ಆಗಾಗ ಹೊಸತು ಮಾಡುತ್ತಾರೆ. 2012-14ರ ಅಂಕಿಗಳಿಂದ ಮಾಡಿದ್ದು 2019ರ ಏಪ್ರಿಲಿನಿಂದ ಜಾರಿಗೆ ಬಂತು. ಮೂರನೆಯದು ತೆರಿಗೆ. ವ್ಯಕ್ತಿಗಳು ಮಾಡಿಸುವ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ. ಅದಕ್ಕೆ ಮೊದಲು ಟರ್ಮ್ ಪಾಲಿಸಿಗೆ ಶೇಕಡಾ 18 ಇತ್ತು.

ನಾಲ್ಕನೆಯದು ಸರಕಾರದ ಕಟ್ಟಳೆ. ಎಲ್ಲ ಜೀವ ವಿಮಾ ಕಂಪನಿಗಳೂ ‘ಸರಳ ಜೀವನ ವಿಮಾ’ ಎಂಬ ಒಂದೇ ಮಾದರಿಯ ಟರ್ಮ್ ಪಾಲಿಸಿಯನ್ನು ಮಾರಬೇಕೆಂದು ಆಜ್ಞೆಯಾಗಿ 2021ರ ಜನವರಿ 1ರಿಂದ ಅದು ಬಂತು. ವಿಮೆಯ ಮೊತ್ತ 5 ಲಕ್ಷದಿಂದ 25 ಲಕ್ಷದವರೆಗೆ. ಮೊದಲ 45 ದಿನ ಅಪಘಾತದ ಮರಣಕ್ಕೆ ಮಾತ್ರ ರಕ್ಷಣೆ. ಷರತ್ತುಗಳು ಎಲ್ಲ ಕಡೆ ಒಂದೇ, ದರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಆದಕಾರಣ ಹೋಲಿಸಿ ನೋಡುವುದು ಸುಲಭ.

ದರ ಯಾವಾಗಲೂ ಇಳಿಯುತ್ತದೆಂದಲ್ಲ. ಕೋವಿಡ್ ಬಂದುಹೋದ ಮೇಲೆ ಎಷ್ಟೋ ಕಂಪನಿಗಳು ಟರ್ಮ್ ಪಾಲಿಸಿಯ ದರ ಏರಿಸಿದವು. ಅಲ್ಲದೆ ಪಾಲಿಸಿ ಅಗ್ಗವಾಗುತ್ತಿದ್ದರೂ ನಮ್ಮ ಪ್ರಾಯ ಏರುತ್ತಲೇ ಇರುತ್ತದೆ. ಈ ಎರಡನ್ನೂ ತೂಗಿ ನೋಡಬಲ್ಲವರು ಹಳ್ಳಿಯಲ್ಲಿ ಯಾರು? ದರದ ಪಟ್ಟಿ ಕೈಯಲ್ಲಿರುವ ಏಜಂಟರು ಮಾತ್ರ. ಅವರ ಕರ್ತವ್ಯದ ಬೇರು ಇಲ್ಲಿಯೇ ಇದೆ: ಅವರಿಗೆ ತಿಳಿದಿದೆ, ನಮಗೆ ತಿಳಿದಿಲ್ಲ, ಅವರ ಮಾತನ್ನು ನಂಬಿ ನಾವು ಕಟ್ಟುತ್ತಿದ್ದೇವೆ.

ಕಾನೂನು ಏನೆನ್ನುತ್ತದೆ?

ವಿಮಾ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಏಜಂಟರ ನಡತೆಯ ಬಗ್ಗೆ ಸ್ಪಷ್ಟವಾದ ಮಾತುಗಳಿವೆ. ಗಿರಾಕಿಯ ಅಗತ್ಯವನ್ನು ಗಮನಿಸಿ ಪಾಲಿಸಿ ಸೂಚಿಸಬೇಕು. ತನ್ನ ಕಂಪನಿಯ ಪಾಲಿಸಿಗಳ ಮಾಹಿತಿ ಕೊಡಬೇಕು. ಕೇಳಿದರೆ ತನ್ನ ಕಮಿಷನ್ ಎಷ್ಟೆಂದು ಹೇಳಬೇಕು. ಅರ್ಜಿಯಲ್ಲಿ ಯಾವ ಸಂಗತಿಯನ್ನೂ ಮುಚ್ಚಿಡುವಂತೆ ಪ್ರೇರೇಪಿಸಬಾರದು. ನಾಮಿನಿಯ ಹೆಸರು ಬರೆಸುವಂತೆ ಸಲಹೆ ಕೊಡಬೇಕು. ಕ್ಲೇಮಿನ ಕಾಲಕ್ಕೆ ನೆರವಾಗಬೇಕು. ಹಳೆಯ ಪಾಲಿಸಿಯನ್ನು ಬಿಡಿಸಿ ತನ್ನ ಹತ್ತಿರ ಹೊಸತು ಮಾಡುವಂತೆ ಪಾಲಿಸಿದಾರನನ್ನು ಬಲವಂತಪಡಿಸಬಾರದು.

ಗಡಿನಾಡಿನ ನಮಗೆ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಅರ್ಜಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ನಾವು ಕನ್ನಡದಲ್ಲಿ ಸಹಿ ಹಾಕುತ್ತೇವೆ. ಹಾಗೆ ಹಾಕಿದಾಗ, “ಇದರಲ್ಲಿರುವುದನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ” ಎಂಬ ಅರ್ಥದ ಒಂದು ಹೇಳಿಕೆಗೆ ವಿವರಿಸಿದವರು ಸಹಿ ಮಾಡಬೇಕು. ಹೆಚ್ಚಿನ ಕಡೆ ಈ ಸಹಿ ಏಜಂಟರದೇ. ಕಾಸರಗೋಡಿನ ಹಳ್ಳಿಯ ಕೃಷಿಕನಿಗೆ ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿ ಬಂದರೂ ಅಷ್ಟೇ, ಮಲಯಾಳದಲ್ಲಿ ಬಂದರೂ ಅಷ್ಟೇ. ಏಜಂಟರು ಬಾಯಲ್ಲಿ ಹೇಳಿದ್ದೇ ಅವನ ಪಾಲಿಸಿ. ಇಷ್ಟು ನಂಬಿಕೆಯ ಮೇಲೆ ನಿಂತ ಸಂಬಂಧ ಸಹಿ ಹಾಕಿದ ದಿನಕ್ಕೇ ಮುಗಿಯಿತೆನ್ನುವುದು ಹೇಗೆ?

ಆದರೂ ನಿಜವನ್ನು ಹೇಳಬೇಕು. ಈ ನಿಯಮಗಳಲ್ಲಿ ಹೆಚ್ಚಿನವು ಮಾರುವ ಹೊತ್ತಿಗೆ ಸಂಬಂಧಪಟ್ಟವು. ಮಾರಿದ ಮೇಲೆ, ಕಂತು ಸಕಾಲಕ್ಕೆ ಸೇರುವಂತೆ ನೋಡಿಕೊಳ್ಳಬೇಕೆಂದೂ ಕ್ಲೇಮಿಗೆ ಸಹಾಯ ಮಾಡಬೇಕೆಂದೂ ಇದೆ. ಹತ್ತು ವರ್ಷದ ಅನಂತರ ಕಡಿಮೆ ದರದ ಪಾಲಿಸಿ ಬಂದರೆ ಹಳೆಯ ಗಿರಾಕಿಯ ಮನೆಗೆ ಹೋಗಿ ಹೇಳಲೇಬೇಕೆಂಬ ಸ್ಪಷ್ಟವಾದ ಕಟ್ಟಳೆ ಅವುಗಳಲ್ಲಿಲ್ಲ. ಕಾನೂನು ನಿಂತಲ್ಲಿಂದ ಮುಂದಕ್ಕೆ ನಡೆಯಬೇಕಾದುದು ಧರ್ಮ.

ಏಜಂಟರ ಕಡೆಯ ಮಾತು

ಏಜಂಟರಿಗೂ ಹೇಳುವುದಿದೆ, ಅದನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲನೆಯದು ಹೊಟ್ಟೆಪಾಡಿನ ಮಾತು. ಅವರಿಗೆ ಸಂಬಳವಿಲ್ಲ, ಕಂತಿನ ಮೇಲೆ ಶೇಕಡಾವಾರು ಕಮಿಷನ್. ಹಿಂದೆ ಕಾನೂನು ಹಾಕಿದ್ದ ಮಿತಿ ಮೊದಲ ವರ್ಷದ ಕಂತಿಗೆ ಶೇಕಡಾ 35, ಎರಡನೆಯ ಮೂರನೆಯ ವರ್ಷ ಏಳೂವರೆ, ಅನಂತರ ಐದು. 2023ರ ನಿಯಮಗಳಿಂದ ಒಟ್ಟು ಖರ್ಚಿನ ಮಿತಿಯೊಳಗೆ ಕಂಪನಿಗಳೇ ಇದನ್ನು ಗೊತ್ತುಮಾಡುತ್ತವೆ. ಏನಿದ್ದರೂ ದೊಡ್ಡ ಕಂತಿಗೆ ದೊಡ್ಡ ಕಮಿಷನ್, ಸಣ್ಣ ಕಂತಿಗೆ ಸಣ್ಣದು. ಜೀವನ ಜ್ಯೋತಿಯ 436 ರೂಪಾಯಿಯಿಂದ ಅವರಿಗೆ ಬರುವುದು ಏನೂ ಇಲ್ಲವೆನ್ನುವಷ್ಟು. ಗಿರಾಕಿಗೆ ಲಾಭವಾಗುವ ಮಾತಿನಿಂದ ತನಗೆ ನಷ್ಟವಾಗುವಾಗ ಬಾಯಿ ಬಿಡುವುದು ಕಷ್ಟವೇ. ಆದರೆ ವೈದ್ಯನೂ ಇದೇ ಮಾತು ಹೇಳಬಹುದಲ್ಲ? ನೂರು ರೂಪಾಯಿಯ ಮದ್ದಿನಿಂದ ವಾಸಿಯಾಗುವುದಕ್ಕೆ ಸಾವಿರದ್ದನ್ನು ಬರೆದರೆ ನಾವು ಅವನನ್ನು ಒಳ್ಳೆಯವನೆನ್ನುವುದಿಲ್ಲ. ಹನ್ನೆರಡು ವರ್ಷ ಬಂದ ಕಮಿಷನ್, ಹನ್ನೆರಡು ವರ್ಷದ ಕಾಳಜಿಗೆ ಕೊಟ್ಟ ಕೂಲಿಯೂ ಹೌದು.

ಎರಡನೆಯದು, “ನಾನು ಒಂದು ಕಂಪನಿಯ ಏಜಂಟ, ಇನ್ನೊಂದು ಕಂಪನಿಯ ಮಾಲನ್ನು ಹೊಗಳುವುದು ಹೇಗೆ?” ಎಂಬುದು. ಇದು ನ್ಯಾಯವಾದ ಮಾತು. ಬ್ರೋಕರ್ ಎನ್ನುವವನು ಗಿರಾಕಿಯ ಪರ. ಏಜಂಟ ಕಂಪನಿಯ ಪರ. ಜೀವ ವಿಮೆಯಲ್ಲಿ ಒಬ್ಬ ಏಜಂಟನಿಗೆ ಒಂದೇ ಕಂಪನಿ. ಎದುರಂಗಡಿಯ ದರಪಟ್ಟಿ ಹಿಡಿದು ತಿರುಗಬೇಕೆಂದು ಅವರಿಂದ ಯಾರೂ ಅಪೇಕ್ಷಿಸುವುದಿಲ್ಲ. ಆದರೆ ತಮ್ಮದೇ ಕಂಪನಿಯಲ್ಲಿರುವ ಕಡಿಮೆ ಕಂತಿನದನ್ನು ಹೇಳಬೇಕು. ಎಲ್ಲರಿಗೂ ತೆರೆದಿರುವ ಸರಕಾರಿ ಯೋಜನೆಯನ್ನು ಹೇಳಬೇಕು. ಬೇರೆ ಕಡೆಯದರ ಬಗ್ಗೆ ಗಿರಾಕಿ ಕೇಳಿದರೆ ಸುಳ್ಳು ಹೇಳಬಾರದು. ಇಷ್ಟಕ್ಕೆ ಯಾವ ಕಂಪನಿಯ ನಿಷ್ಠೆಯೂ ಅಡ್ಡಬರುವುದಿಲ್ಲ.

ಮೂರನೆಯದು, “ಹೊಸತರ ಬಗ್ಗೆ ಹೇಳಿದರೆ ಹಳೆಯದನ್ನು ಬಿಡಿಸಿದೆನೆಂಬ ಅಪವಾದ ಬರುತ್ತದೆ” ಎಂಬುದು. ನಿಯಮದಲ್ಲಿ ನಿಷೇಧಿಸಿರುವುದು ಬಲವಂತವನ್ನು; ತಿಳಿಸುವುದನ್ನಲ್ಲ. ಆದರೆ ಈ ಮಾತಿನ ಹಿಂದೆ ಒಂದು ನಿಜವಾದ ಅಪಾಯವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಅರ್ಧ ಹೇಳುವುದರ ಅಪಾಯ

ನನ್ನ ಸಹೋದ್ಯೋಗಿಯೊಬ್ಬರ ಭಾವನವರು ಮೂರು ಲಕ್ಷದ, ಇಪ್ಪತ್ತು ವರ್ಷದ ಪಾಲಿಸಿಗೆ ಹದಿನಾಲ್ಕು ವರ್ಷ ಕಂತು ಕಟ್ಟಿದ್ದರು. 2018ರಲ್ಲಿ ಒಬ್ಬ ಹೊಸ ಏಜಂಟ ಬಂದು, “ಇದಕ್ಕಿಂತ ಕಡಿಮೆ ಕಂತಿಗೆ ಇಪ್ಪತ್ತೈದು ಲಕ್ಷದ ವಿಮೆ ಕೊಡಿಸುತ್ತೇನೆ” ಎಂದ. ಹೇಳಿದ್ದು ಸುಳ್ಳಲ್ಲ. ಇವರು ಹಳೆಯ ಪಾಲಿಸಿಯನ್ನು ಕೂಡಲೇ ಸರೆಂಡರ್ ಮಾಡಿದರು. ಕೈಗೆ ಬಂದದ್ದು ಕಾದಿದ್ದರೆ ಬರುವುದಕ್ಕಿಂತ ಎಷ್ಟೋ ಕಡಿಮೆ. ಆಮೇಲೆ ಹೊಸ ಕಂಪನಿಯ ವೈದ್ಯಪರೀಕ್ಷೆಯಲ್ಲಿ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು ಗೊತ್ತಾಯಿತು. ಆ ಕಂಪನಿ ಅರ್ಜಿಯನ್ನು ಒಪ್ಪಲಿಲ್ಲ. ನಲವತ್ತೆಂಟನೆಯ ಪ್ರಾಯದಲ್ಲಿ ಅವರ ಕೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೊಸ ಸುರಂಗದಲ್ಲಿ ನೀರು ಜಿನುಗುವ ಮೊದಲೇ ಹಳೆಯ ಬಾವಿಗೆ ಮಣ್ಣು ತುಂಬಿಸಿದ ಹಾಗಾಯಿತು.

ಅವರು ಕಂತು ನಿಲ್ಲಿಸಿ ಪಾಲಿಸಿಯನ್ನು ಹಾಗೆಯೇ ಇಟ್ಟಿದ್ದರೆ ಏನಾಗುತ್ತಿತ್ತು? ಇದಕ್ಕೆ ಪೇಡ್-ಅಪ್ ಮಾಡುವುದೆನ್ನುತ್ತಾರೆ. ಲೆಕ್ಕ ಸುಲಭ: ಕಟ್ಟಿದ ಕಂತುಗಳನ್ನು ಕಟ್ಟಬೇಕಾದ ಒಟ್ಟು ಕಂತುಗಳಿಂದ ಭಾಗಿಸಿ, ವಿಮೆಯ ಮೊತ್ತದಿಂದ ಗುಣಿಸುವುದು. ಇಪ್ಪತ್ತರಲ್ಲಿ ಹದಿನಾಲ್ಕು, ಮೊತ್ತ 3,00,000. ಬರುವುದು 2,10,000 ರೂ. ಅಲ್ಲಿಯವರೆಗೆ ಸೇರಿದ ಬೋನಸ್ ಬೇರೆ. ಮುಂದೆ ಒಂದು ಕಾಸು ಕಟ್ಟದೆ ಇಷ್ಟು ರಕ್ಷಣೆ ಅವಧಿಯ ಕೊನೆಯವರೆಗೆ ಇರುತ್ತಿತ್ತು. ಈ ದಾರಿಯಿದೆಯೆಂದು ಆ ಏಜಂಟ ಹೇಳಲಿಲ್ಲ.

ಪಾಲಿಸಿ ಬದಲಾಯಿಸುವಾಗ ಕಳೆದುಕೊಳ್ಳುವುದು ಹಣ ಮಾತ್ರವಲ್ಲ. 1938ರ ವಿಮಾ ಕಾಯಿದೆಯ 45ನೆಯ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯಂತೆ, ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ. ಹಳೆಯ ಪಾಲಿಸಿ ಈ ಹೊಳೆಯನ್ನು ದಾಟಿ ನಿಂತಿರುತ್ತದೆ. ಹೊಸದು ಮತ್ತೆ ಈ ದಡದಿಂದ ಪ್ರಾರಂಭ. ಆರೋಗ್ಯ ವಿಮೆಯಲ್ಲಿ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಕಾಲ 2024ರ ನಿಯಮದಂತೆ ಹೆಚ್ಚೆಂದರೆ ಮೂರು ವರ್ಷ. ಹಳೆಯದನ್ನು ಬಿಟ್ಟು ಹೊಸದಾಗಿ ಮಾಡಿಸಿದರೆ ಈ ಕಾಯುವಿಕೆ ಮೊದಲಿನಿಂದ. ಪೋರ್ಟ್ ಮಾಡಿಸಿದರೆ ಹಿಂದೆ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. 2011ರಿಂದ ಇರುವ ಈ ಸೌಕರ್ಯ ಹಳ್ಳಿಯಲ್ಲಿ ಎಷ್ಟು ಮಂದಿಗೆ ಗೊತ್ತು? ಪೋರ್ಟ್ ಮಾಡುವವರು ನವೀಕರಣದ ದಿನಕ್ಕೆ ಒಂದೂವರೆ ತಿಂಗಳಾದರೂ ಮೊದಲು ಅರ್ಜಿ ಕೊಡುವುದು ಒಳ್ಳೆಯದು.

ಆದುದರಿಂದ, ಕಡಿಮೆ ಕಂತಿನದಿದೆ ಎನ್ನುವುದು ಅರ್ಧ ಮಾತು. ಬದಲಾಯಿಸಿದರೆ ಏನು ಹೋಗುತ್ತದೆ ಎನ್ನುವುದು ಉಳಿದ ಅರ್ಧ. ಮೊದಲ ಏಜಂಟರು ಎರಡನ್ನೂ ಹೇಳಲಿಲ್ಲ. ಎರಡನೆಯವನು ಒಂದನ್ನೇ ಹೇಳಿದ. ಕರ್ತವ್ಯ ಪೂರ್ತಿಯಾಗುವುದು ಎರಡನ್ನೂ ಒಂದೇ ಕಾಗದದ ಮೇಲೆ ಬರೆದು ಕೈಗೆ ಕೊಟ್ಟು, ತೀರ್ಮಾನವನ್ನು ಮನೆಯವರಿಗೆ ಬಿಟ್ಟಾಗ.

ಏಜಂಟರು ವರ್ಷಕ್ಕೊಮ್ಮೆ ಹೇಳಬೇಕಾದುದು

ಇದಕ್ಕೆ ಬೇರೆ ತಿರುಗಾಟ ಬೇಕಿಲ್ಲ. ಕಂತಿನ ರಶೀದಿ ಕೊಡುವ ದಿನ ಕಾಲುಗಂಟೆ ಸಾಕು.

ಒಂದು: ಮನೆಯ ಸ್ಥಿತಿ ಬದಲಾಗಿದೆಯೆ, ಸಾಲ ಎಷ್ಟಿದೆ, ಮಕ್ಕಳು ಎಷ್ಟು ಎಂದು ವಿಚಾರಿಸಿ, ಈಗಿನ ವಿಮೆ ಸಾಲುತ್ತದೆಯೆ ಇಲ್ಲವೆ ಎಂದು ಹೇಳುವುದು.

ಎರಡು: ಪಾಲಿಸಿಯನ್ನು ಬದಲಾಯಿಸದೆ ಕಂತು ಇಳಿಸುವ ದಾರಿಯಿದ್ದರೆ ಅದನ್ನು ಮೊದಲು ಹೇಳುವುದು. ಜೀವ ವಿಮಾ ನಿಗಮದ ಅನೇಕ ಪಾಲಿಸಿಗಳಲ್ಲಿ ವರ್ಷಕ್ಕೊಮ್ಮೆ ಕಟ್ಟುವವರಿಗೆ ಕೋಷ್ಟಕದ ದರದಲ್ಲಿ ಶೇಕಡಾ 2, ಆರು ತಿಂಗಳಿಗೊಮ್ಮೆ ಕಟ್ಟುವವರಿಗೆ ಶೇಕಡಾ 1 ರಿಯಾಯಿತಿಯಿದೆ; ಮೂರು ತಿಂಗಳಿಗೊಮ್ಮೆ ಕಟ್ಟುವವರಿಗೆ ಇಲ್ಲ. ಅಡಿಕೆ ಮಾರಿದ ಹಣ ಒಟ್ಟಿಗೆ ಬರುವ ನಮಗೆ ವರ್ಷದ ಕಂತೇ ಅನುಕೂಲ. ದೊಡ್ಡ ಮೊತ್ತದ ಒಂದು ಪಾಲಿಸಿಗೆ ಸಿಗುವ ರಿಯಾಯಿತಿ, ಅದನ್ನೇ ಒಡೆದು ಸಣ್ಣ ಸಣ್ಣದು ಮಾಡಿದರೆ ಸಿಗದೆ ಹೋಗಬಹುದೆಂಬುದನ್ನೂ ಹೇಳಬೇಕು.

ಮೂರು: ಹಳೆಯದನ್ನು ಇಟ್ಟುಕೊಂಡೇ ಅದರ ಜೊತೆಗೆ ಸೇರಿಸಬಹುದಾದ ಕಡಿಮೆ ದರದ ರಕ್ಷಣೆ ಯಾವುದೆಂದು ಹೇಳುವುದು. ಜೀವನ ಜ್ಯೋತಿ ಒಂದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆ ಇನ್ನೊಂದು. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಮರಣವಾದರೆ 2 ಲಕ್ಷ. ಮರ ಹತ್ತಿ ಅಡಿಕೆ ಕೊಯ್ಯುವವರು, ಮದ್ದು ಬಿಡುವವರು ಎಲ್ಲರಿಗೂ ಇದು ಬೇಕು. ಹಳ್ಳಿಯವರಿಗಾಗಿ 1995ರಿಂದ ಇರುವ ಗ್ರಾಮೀಣ ಅಂಚೆ ಜೀವ ವಿಮೆಯೂ ಹತ್ತಿರದ ಅಂಚೆ ಕಚೇರಿಯಲ್ಲಿ ಸಿಗುತ್ತದೆ.

ನಾಲ್ಕು: ಬದಲಾಯಿಸಲೇಬೇಕೆಂದಿದ್ದರೆ ಸರೆಂಡರ್ ಮೊತ್ತ, ಪೇಡ್-ಅಪ್ ಮೊತ್ತ, ಹೊಸ ಕಂತು, ಹೊಸದರ ಷರತ್ತು, ಈ ನಾಲ್ಕನ್ನೂ ಅಂಕಿಯಲ್ಲಿ ಬರೆದುಕೊಡುವುದು.

ಪಾಲಿಸಿದಾರರ ಎಚ್ಚರ

ಎಲ್ಲವನ್ನೂ ಏಜಂಟರ ಧರ್ಮಕ್ಕೆ ಬಿಟ್ಟು ನಾವು ಸುಮ್ಮನೆ ಕುಳಿತುಕೊಳ್ಳುವುದೂ ಸರಿಯಲ್ಲ. ಮುಂದಿನ ಸಲ ಅವರು ಬಂದಾಗ ಕೇಳಿರಿ: “ನಾನು ಇವತ್ತು ತೀರಿಕೊಂಡರೆ ಮನೆಗೆ ಎಷ್ಟು ಬರುತ್ತದೆ? ಇದೇ ಹಣದಲ್ಲಿ ನಿಮ್ಮ ಕಂಪನಿಯಲ್ಲಿ ಇದಕ್ಕಿಂತ ಹೆಚ್ಚು ರಕ್ಷಣೆ ಸಿಗುತ್ತದೆಯೆ? ಇದರಲ್ಲಿ ನಿಮ್ಮ ಕಮಿಷನ್ ಎಷ್ಟು?” ಕೇಳಲು ಸಂಕೋಚ ಬೇಡ. ಅಡಿಕೆ ಮಾರುವಾಗ ತೂಕ ನೋಡುವುದಕ್ಕೆ ನಾವು ಸಂಕೋಚಪಡುತ್ತೇವೆಯೆ?

ಹೊಸ ಪಾಲಿಸಿ ಕೈಗೆ ಬಂದು, ಓದಿ, ಓದಿಸಿ, ಸರಿಯಿದೆಯೆಂದು ಖಚಿತವಾಗುವವರೆಗೆ ಹಳೆಯದನ್ನು ಬಿಡಬೇಡಿರಿ. ಕೈಗೆ ಬಂದ ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ಸಣ್ಣಪುಟ್ಟ ಖರ್ಚು ಕಳೆದು ಹಣ ವಾಪಸು ಬರುತ್ತದೆ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಪರೇಶನ್ ಯಾವುದನ್ನೂ ಮುಚ್ಚಿಡಬೇಡಿರಿ. “ಅದೆಲ್ಲ ಬರೆಯುವುದು ಬೇಡ” ಎಂದು ಯಾರಾದರೂ ಹೇಳಿದರೆ ಅವರ ಕೈಯಲ್ಲಿ ಪಾಲಿಸಿಯನ್ನೇ ಮಾಡಿಸಬೇಡಿರಿ.

ಜೀವನ ಜ್ಯೋತಿ ಮತ್ತು ಸುರಕ್ಷಾ ಯೋಜನೆಗಳ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ತಿಂಗಳ ಕೊನೆಗೆ ಬ್ಯಾಂಕು ತಾನಾಗಿ ಹಣ ತೆಗೆಯುತ್ತದೆ. ಖಾತೆಯಲ್ಲಿ ಇಲ್ಲದಿದ್ದರೆ ರಕ್ಷಣೆ ನಿಲ್ಲುತ್ತದೆ. ಎರಡಕ್ಕೂ ಸೇರಿ 456 ರೂ. ಪತ್ತನಾಜೆಯ ಹೊತ್ತಿಗೆ ಖಾತೆಯಲ್ಲಿ ಇರುವಂತೆ ನೋಡಿಕೊಳ್ಳಿರಿ. ಪಾಲಿಸಿ ಎಲ್ಲಿದೆ, ನಾಮಿನಿ ಯಾರು ಎಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ.

ಸುಳ್ಳು ಹೇಳಿ ಮಾರಿದ್ದರೆ, ಕ್ಲೇಮ್ ತಡೆಹಿಡಿದಿದ್ದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನವಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕೇರಳದವರಿಗೆ ಈ ಕಚೇರಿ ಕೊಚ್ಚಿಯಲ್ಲಿ, ತಮಿಳುನಾಡಿನವರಿಗೆ ಚೆನ್ನೈಯಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಪುಣೆಯಲ್ಲಿ, ಆಂಧ್ರ, ತೆಲಂಗಾಣದವರಿಗೆ ಹೈದರಾಬಾದಿನಲ್ಲಿ. ದೂರುದಾರ ವಾಸಿಸುವ ಸ್ಥಳವನ್ನಾಗಲಿ, ಕಂಪನಿಯ ಶಾಖೆಯಿರುವ ಸ್ಥಳವನ್ನಾಗಲಿ ಹಿಡಿದು ದೂರು ಕೊಡಬಹುದು. ಮಂಗಳೂರು, ಪುತ್ತೂರಿನ ಶಾಖೆಗಳಲ್ಲಿ ಪಾಲಿಸಿ ಮಾಡಿಸಿದ ನಮ್ಮವರಿಗೆ ಬೆಂಗಳೂರಿನ ಕಚೇರಿಯೂ ಆಗುತ್ತದೆ. ಪ್ರಾಧಿಕಾರದ ದೂರವಾಣಿ 155255, ಇದಕ್ಕೆ ಹಣವಿಲ್ಲ.

ಆದರೆ ಸುಮ್ಮನಿದ್ದುದರ ಮೇಲೆ ದೂರು ಕೊಡುವುದು ಸುಲಭವಲ್ಲ. ಸುಳ್ಳಿಗೆ ಸಾಕ್ಷಿ ಸಿಗಬಹುದು. ಹೇಳದೆ ಬಿಟ್ಟ ಮಾತಿಗೆ ಸಾಕ್ಷಿ ಎಲ್ಲಿಂದ? ಅದಕ್ಕಾಗಿಯೇ ಇದು ಮನಸ್ಸಾಕ್ಷಿಯ ವಿಷಯ.

ನಮ್ಮ ಆ ಏಜಂಟರು ಈಗಲೂ ಊರಿಗೆ ಬರುತ್ತಾರೆ. ಕಳೆದ ವರ್ಷ ನನ್ನ ಮನೆಗೆ ಬಂದವರು ರಶೀದಿ ಕೊಟ್ಟು ಏಳುವ ಮೊದಲು ಚೀಲದಿಂದ ಒಂದು ಕಾಗದ ತೆಗೆದರು. ಅದರಲ್ಲಿ ಕನ್ನಡದಲ್ಲಿ, ಅವರದೇ ಅಕ್ಷರದಲ್ಲಿ, ನನ್ನ ಪಾಲಿಸಿಯ ಮೊತ್ತ, ಪೇಡ್-ಅಪ್ ಮೊತ್ತ, ಅವರ ಕಂಪನಿಯ ಟರ್ಮ್ ಪಾಲಿಸಿಯ ಕಂತು, ಜೀವನ ಜ್ಯೋತಿಯ ಕಂತು ಎಲ್ಲ ಬರೆದಿತ್ತು. “ಈಗ ಎಲ್ಲ ಮನೆಗೂ ಕೊಡುತ್ತಿದ್ದೇನೆ ಮಾಷ್ಟ್ರೇ. ನೀವು ಕೇಳದಿದ್ದರೂ ಹೇಳಬೇಕೆಂದು ಕಂಡಿತು” ಎಂದರು. ನಾನು ಹಳೆಯದನ್ನು ಬಿಡಲಿಲ್ಲ. ಅದರ ಜೊತೆಗೆ ಒಂದು ಟರ್ಮ್ ಪಾಲಿಸಿ ಮಾಡಿಸಿದೆ. ಅವರ ಹತ್ತಿರವೇ ಮಾಡಿಸಿದೆನೆಂದು ಬೇರೆ ಹೇಳಬೇಕಾಗಿಲ್ಲ.